ಗಿಡ ಮುಗಿಯುವ ಎತ್ತರದ ಬೇರು

ನನಗೂ ಹಿಮಾಲಯಕ್ಕೂ ಆಗಿಬರುವುದಿಲ್ಲ. ನಾನು ಅದನ್ನು ಕಣ್ಣಾರೆ ನೋಡಿಲ್ಲ, ನೋಡುವ ಆಸೆಯೂ ಇಲ್ಲ. ನಮ್ಮೂರಲ್ಲಿ ಯಾರ ಬಾಯಿಗೆ ಆ ಹೆಸರು ಬಂದರೂ ಕೈಮುಗಿಯುವುದೊಂದು ಬಾಕಿ ಇರುತ್ತದೆ. ನಾನು ಮಾತ್ರ ಮುಖ ಸಿಂಡರಿಸುತ್ತೇನೆ. ನನ್ನ ಗಂಡ ಸೈನ್ಯದಲ್ಲಿ ಲಾರಿ ಓಡಿಸುತ್ತಾರೆ. ವರ್ಷದ ದೊಡ್ಡ ಪಾಲು ಅವರನ್ನು ಆ ಬೆಟ್ಟವೇ ಇಟ್ಟುಕೊಳ್ಳುತ್ತದೆ, ಉಳಿದ ಚೂರುಪಾರು ನಮ್ಮ ಮನೆಗೆ ಬರುತ್ತದೆ. ಸವತಿಯಾಗಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು. ಬೆಟ್ಟವನ್ನು ಎಲ್ಲಿ ಹಿಡಿದು ಎಳೆಯಲಿ?

ಜತ್ತ ತಾಲೂಕಿನ ಸೋನ್ಯಾಳದ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಇಲ್ಲಿ ನನಗೆ ಕಂಡದ್ದು ಕಲ್ಲು, ಜಾಲಿ, ಬನ್ನಿ, ದೂರದ ದಿಬ್ಬದ ಮೇಲೆ ತಿರುಗುವ ಪವನಚಕ್ಕಿ. ನನಗೇನೂ ಬೇಸರವಾಗಲಿಲ್ಲ, ನನ್ನ ತವರೂ ಇಂಥದೇ ಊರು. ಆದರೆ ನಮ್ಮ ಅತ್ತೆಗೆ ಈ ನೆಲದ ಮೇಲೆ ಕಣ್ಣೇ ಇಲ್ಲ. ಮಗ ಸೈನ್ಯ ಸೇರಿದ ದಿನದಿಂದ ಅವರ ಮನಸ್ಸು ಬೆಟ್ಟ ಹತ್ತಿ ಕೂತಿದೆ. ಹೊಲದ ಬದುವಿನಲ್ಲಿ ಬೆಳೆದ ಉತ್ತರಾಣಿ, ತುಂಬೆ ಎಲ್ಲ ಅವರಿಗೆ ಕಸ. ಮಗನ ಟ್ರಂಕಿನಿಂದ ಬಂದ ಒಣಕಡ್ಡಿ ಮಾತ್ರ ಸಂಜೀವಿನಿ.

ಆ ಟ್ರಂಕು ತೆರೆಯುವುದೇ ಒಂದು ಜಾತ್ರೆ. ಗಂಡ ರಜೆಗೆ ಬಂದ ಮರುದಿನ ಅಂಗಳದಲ್ಲಿ ಕಂಬಳಿ ಹಾಸಿ, ಓಣಿಯವರನ್ನೆಲ್ಲ ಕೂಡಿಸಿ, ಅತ್ತೆಯೇ ಮುಚ್ಚಳ ಎತ್ತುತ್ತಾರೆ. ಒಂದು ಸಲ ಭೂರ್ಜಪತ್ರೆ ಬಂತು. ಅದು ಅಲ್ಲಿನ ಒಂದು ಮರದ ತೊಗಟೆ, ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಅತ್ತೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟರು. ಇನ್ನೊಂದು ಸಲ ಮೋನಾಲ್ ಎಂಬ ಕಾಡುಕೋಳಿಯ ಗರಿ. ಹಸಿರೋ ನೀಲಿಯೋ ತಾಮ್ರವೋ ತಿಳಿಯದ ಬಣ್ಣ, ಚೆಂದ ಅಂತ ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿ. ಮತ್ತೊಂದು ಸಲ ಧೂಪಿ ಎಂಬ ಪೊದೆಯ ಸೊಪ್ಪು. ಅದನ್ನು ಕೆಂಡಕ್ಕೆ ಹಾಕಿ ಮನೆಯೆಲ್ಲ ಹೊಗೆ ಎಬ್ಬಿಸಿದಾಗ ಬಸುರಿಯಾಗಿದ್ದ ನಾನು ಬಚ್ಚಲಿಗೆ ಓಡಿದೆ. "ಹಿಮಾಲಯದ ವಾಸನಿ ಇಕಿಗೆ ತಡಿಯಂಗಿಲ್ಲ" ಅಂತ ಅತ್ತೆ ಓಣಿಗೆಲ್ಲ ಸಾರಿದರು.

ಟ್ರಂಕು ಬರಿದಾದ ಮೇಲೆ ಕಥೆ ಶುರು. ಅವರ ಕ್ಯಾಂಪು ಇರುವುದು ಗಿಡ ಮುಗಿಯುವ ಎತ್ತರದಲ್ಲಂತೆ. ಕೆಳಗೆ ದೇವದಾರು, ಅದರ ಮೇಲೆ ಭೂರ್ಜದ ಮರಗಳು, ಹಿಮದ ಭಾರಕ್ಕೆ ಸೊಂಟ ಮುರಿದ ಮುದುಕರಂತೆ ಬಗ್ಗಿಕೊಂಡಿರುತ್ತವೆ. ಅದರ ಮೇಲೆ ಬುರಾನ್ಸ್ ಎಂಬ ಮೊಣಕಾಲೆತ್ತರದ ಹೂಪೊದೆ. ಅಲ್ಲಿಗೆ ಮುಗಿಯಿತು. ಮುಂದೆ ಹುಲ್ಲು, ಬಂಡೆ, ಹಿಮ. ಗಂಡ ಇದನ್ನು ಹೇಳುವಾಗ ಓಣಿಯವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನಮ್ಮ ಜತ್ತದ ಕಡೆ ಗಿಡ ಬೆಳೆಯದಿದ್ದರೆ ಬಂಜರು ಎಂದು ಬೈಯುತ್ತಾರೆ, ಅಲ್ಲಿ ಬೆಳೆಯದಿದ್ದರೆ ಅದು ಕೈಲಾಸ!

ಪ್ರಾಣಿಗಳ ಕಥೆಗಳಾದರೂ ಚೆನ್ನಾಗಿವೆಯೇ? ಬಾಲವಿಲ್ಲದ ಒಂದು ಇಲಿ ಇದೆಯಂತೆ. ಬೇಸಿಗೆಯಲ್ಲಿ ಹುಲ್ಲು ಕಡಿದು, ಬಂಡೆಯ ಮೇಲೆ ಹರವಿ ಒಣಗಿಸಿ, ಚಳಿಗಾಲಕ್ಕೆ ಬಣವೆ ಒಟ್ಟಿಕೊಳ್ಳುತ್ತದಂತೆ. ಇದನ್ನು ಕೇಳಿದ ಅತ್ತೆ ನನ್ನ ಕಡೆ ತಿರುಗಿ, "ಇಲಿಗೂ ಸಂಸಾರದ ಬುದ್ಧಿ ಅದ ನೋಡವಾ" ಅಂದರು. ಕಸ್ತೂರಿ ಮೃಗಕ್ಕೆ ಕೊಂಬಿನ ಬದಲು ಕೋರೆಹಲ್ಲು. ಅದು ಅಲ್ಲಿದೆ ಎಂದು ತಿಳಿದದ್ದೇ ತಡ ಅತ್ತೆಗೆ ಚೂರು ಕಸ್ತೂರಿ ಬೇಕಾಯಿತು. "ಅವ್ವಾ, ಅದನ್ನ ಮುಟ್ಟಿದ್ರ ನನ್ನ ಜೇಲಿಗೆ ಹಾಕ್ತಾರ" ಎಂದು ಗಂಡ ನಕ್ಕರು. ಹಳದಿ ಕೊಕ್ಕಿನ ಕಾಗೆ ತಟ್ಟೆಯ ರೊಟ್ಟಿಗೇ ಕೈ ಹಾಕುತ್ತದೆ. ಮುಟ್ಟಿದರೆ ಮೈ ಉರಿಯುವ ಸೊಪ್ಪು, ತಿಂದರೆ ತಲೆ ತಿರುಗಿಸುವ ಜೇನು. ಒಂದು ಬೇರಂತೂ ತುಟಿಗೆ ತಾಗಿದರೆ ಸಾಕು, ತುಟಿ ಜೋಮು ಹಿಡಿಯುತ್ತದೆ, ಹೊಟ್ಟೆಗೆ ಹೋದರೆ ಎದೆಯೇ ನಿಲ್ಲುತ್ತದೆ. ಬಚನಾಗ ಎಂದು ಅದರ ಹೆಸರು. ಕುರುಬರು ತಮ್ಮ ಕುರಿಗಳನ್ನು ಆ ಇಳಿಜಾರಿಗೆ ಬಿಡುವುದಿಲ್ಲ ಎಂದು ಗಂಡ ಹೇಳಿದರು. ಎಲ್ಲರೂ ಅಬ್ಬಬ್ಬಾ ಅಂದರು. ನಾನು ಮಾತ್ರ, ಇಷ್ಟೆಲ್ಲ ಕೆಟ್ಟದ್ದು ಒಂದೇ ಕಡೆ ಇದ್ದರೂ ಅದಕ್ಕೆ ದೇವಭೂಮಿ ಅನ್ನುತ್ತಾರಲ್ಲ ಎಂದುಕೊಂಡು ಒಳಗೆ ಹೋದೆ.

ಕಳೆದ ವರ್ಷ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ತವರಿಗೆ ಹೋದವಳು ಐದು ತಿಂಗಳು ಇದ್ದು ಬರಬೇಕಿತ್ತು. ಗಂಡನಿಗೆ ರಜೆ ಸಿಗುವುದಿದೆ ಎಂದು ಅತ್ತೆ ಅವಸರ ಮಾಡಿ ಮೂರಕ್ಕೇ ಕರೆಸಿಕೊಂಡರು. ತವರಿನ ಡಾಕ್ಟರು, ಎದೆಹಾಲು ಬಿಟ್ಟರೆ ಬೇರೆ ಏನೂ ಬೇಡ, ಗುಟ್ಟಿ ಅಂತೂ ಬೇಡವೇ ಬೇಡ ಎಂದು ಹೇಳಿ ಕಳಿಸಿದ್ದರು. ನಮ್ಮ ಕಡೆ ಕೂಸಿಗೆ ಗುಟ್ಟಿ ಕುಡಿಸದ ಮನೆಯಿಲ್ಲ. ಜಾಜಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಅರಿಶಿಣದ ಕೊಂಬು, ಉತ್ತತ್ತಿ, ಬದಾಮಿ, ಅತಿವಿಷದ ಬೇರು ಇವನ್ನೆಲ್ಲ ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ಒಂದೊಂದಾಗಿ ತೇಯ್ದು, ಮಿಂದ ಕೂಸಿನ ಬಾಯಿಗೆ ಚಮಚದಿಂದ ಬಿಡುವುದು. ಅತಿವಿಷಕ್ಕೆ ಹೆಸರಲ್ಲಿ ವಿಷ ಇದ್ದರೂ ಅದು ಬರೀ ಕಹಿ, ಕೂಸಿನ ಜ್ವರಕ್ಕೂ ಹೊಟ್ಟೆನೋವಿಗೂ ಒಳ್ಳೆಯದು ಎಂದು ಎಲ್ಲರ ನಂಬಿಕೆ. ನಾನು ಡಾಕ್ಟರ ಮಾತು ಹೇಳಿದೆ. "ನಿನ್ನ ಗಂಡನ್ನ ಡಾಕ್ಟರ್ ಬೆಳಸಿದ್ನೇನ? ಗುಟ್ಟಿ ಕುಡದೇ ಫೌಜಿ ಆಗ್ಯಾನ" ಎಂದರು ಅತ್ತೆ. ಫೋನಿನಲ್ಲಿ ಗಂಡನಿಗೆ ಹೇಳಿದೆ. "ಅವ್ವಗ ತಿಳೀತದ ಬಿಡು" ಅಂದರು. ಆ ಜಗಳದಲ್ಲಿ ನಾನು ಸೋತೆ. ಸೋತದ್ದರ ಉರಿ ಇನ್ನೂ ಇದೆ.

ಗುಟ್ಟಿಗೆ ಒಂದು ಕಟ್ಟಳೆ ಇದೆ. ಯಾರು ತೇಯುತ್ತಾರೋ ಅವರು ಪ್ರತಿಯೊಂದನ್ನೂ ಮೊದಲು ತಮ್ಮ ನಾಲಿಗೆಗೆ ಹಚ್ಚಿ ನೋಡಬೇಕು, ಆಮೇಲೆ ಕೂಸಿಗೆ. ಕಟ್ಟಳೆ ಒಳ್ಳೆಯದೇ. ಆದರೆ ನಮ್ಮ ಅತ್ತೆಯ ನಾಲಿಗೆ? ಅವರು ಬೆಳಗೆದ್ದು ಮಶೇರಿ ಹಚ್ಚುತ್ತಾರೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಅದು ಮಶೇರಿ. ಊರಿನ ಹೆಂಗಸರಲ್ಲಿ ಅರ್ಧಕ್ಕರ್ಧ ಅದನ್ನೇ ಹಲ್ಲಿಗೆ, ಒಸಡಿಗೆ ತಿಕ್ಕಿಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ಅತ್ತೆ ಅಂತೂ ಬಾಯಿ ತೊಳೆದು ಅರ್ಧ ತಾಸಿಗೆ ಮತ್ತೆ ಬೆರಳು ಹಾಕುತ್ತಾರೆ. ಅವರ ನಾಲಿಗೆಗೆ ಉಪ್ಪು ಕಾಣುವುದಿಲ್ಲ, ಹುಳಿ ಕಾಣುವುದಿಲ್ಲ. ಅವರು ಮಾಡಿದ ಬ್ಯಾಳಿ ನಾವು ಉಂಡರೆ ಕೊಡ ನೀರು ಬೇಕು. ಹಾಗಾಗಿ ಅವರು ಒಲೆಯಿಂದ ಇಳಿಸಿದ ಯಾವುದನ್ನೂ ನಾನು ಒಮ್ಮೆ ನೆಕ್ಕಿ ನೋಡದೆ ಬಡಿಸುವುದಿಲ್ಲ. ಇದು ಅವರಿಗೆ ಗೊತ್ತು, ಗೊತ್ತಿರುವುದರಿಂದ ಇನ್ನಷ್ಟು ಸಿಟ್ಟು.

ಗಂಡ ಊರಿಗೆ ಹೊರಡುವ ಮುಂಚೆ ಫೋನಿನಲ್ಲಿ ತಾಯಿ ಮಗನ ಮಾತು ನಡೆದಿತ್ತು. ಜತ್ತದ ಪೇಟೆಯಲ್ಲಿ ಸಿಗುವ ಅತಿವಿಷ ಹುಳ ತಿಂದದ್ದು, ಹಳೆಯದು, ಏನೇನೋ ಬೆರೆಸಿದ್ದು ಎಂದು ಅತ್ತೆಯ ದೂರು. "ನೀ ಅಲ್ಲೇ ಇದ್ದೀ, ಅದು ಬೆಳ್ಯೂದೂ ಅಲ್ಲೇ. ನಿನ್ನ ಮಗಳಿಗೆ ನಿನ್ನ ಕೈಲೆ ಅಗದು ತಾರೋ ಯಪ್ಪಾ" ಎಂದು ಅವರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಮಗ ತಂದರು. ಟ್ರಂಕಿನ ತಳದಲ್ಲಿ, ಉಣ್ಣೆಯ ಕಾಲುಚೀಲದೊಳಗೆ, ಬೂದಿ ಬಣ್ಣದ ಸಣ್ಣ ಗೆಡ್ಡೆಗಳು, ಜೋಡಿಜೋಡಿಯಾಗಿ. ಅತ್ತೆ ಕಣ್ಣಿಗೊತ್ತಿಕೊಂಡರು.

"ಮಳಿಗಾಲದಾಗ ಹೂ ಇದ್ದಾಗ ಜಾಗಾ ನೋಡಿ ಇಟ್ಟಿದ್ನಿ" ಎಂದು ಗಂಡ ಓಣಿಯವರಿಗೆ ಹೇಳಿದರು. "ರಜಾ ಸಿಗೂತನಾ ಅಗಿಯಾಕ ಆಗ್ಲಿಲ್ಲ. ಹೋಗೂದ್ರಾಗ ಎಲಿ ಎಲ್ಲಾ ಒಣಗಿ ಹೋಗಿದ್ವು. ಆದ್ರೂ ಜಾಗಾ ಗುರ್ತ ಇತ್ತು."

ಎಲೆಯೂ ಇಲ್ಲ, ಹೂವೂ ಇಲ್ಲ, ಹಿಮ ಬೀಳುವ ಮೊದಲಿನ ಒಣ ಇಳಿಜಾರು. ಜಾಗದ ಗುರುತಿನ ಮೇಲೆ ಬೇರು ಅಗೆದು ತರುವುದು ನಮ್ಮ ಮನೆಯ ಗಂಡಸಿಗೆ ಮಾತ್ರ ಹೊಳೆಯುವ ಶಾಣ್ಯಾತನ. ಆ ಹೊತ್ತಿಗೆ ನನಗೂ ಏನೂ ಅನ್ನಿಸಲಿಲ್ಲ, ಇನ್ನೊಂದು ಬೆಟ್ಟದ ಕಸ ಬಂತು ಎಂದಷ್ಟೇ ಹಲ್ಲು ಕಚ್ಚಿದೆ.

ಅದೇ ಸಂಜೆ ಅತ್ತೆ ಒಂದು ಜೋಡಿ ಗೆಡ್ಡೆಯನ್ನು ಪಕ್ಕದ ಮನೆಗೆ ಕೊಟ್ಟರು. ಪಕ್ಕದವರು ಬಳೆ ವ್ಯಾಪಾರದ ಮುಸಲ್ಮಾನರು, ನಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಒಂದು ಮೊಣಕಾಲುದ್ದದ ಗೋಡೆ. ಆ ಮನೆಯ ಹಿರಿಯಳನ್ನು ನಾವೆಲ್ಲ ಚಾಚಿ ಅನ್ನುತ್ತೇವೆ. ಚಾಚಿಯ ಮಗಳೂ ಹಡೆದು ತವರಿಗೆ ಬಂದಿದ್ದಳು, ಅವಳ ಗಂಡುಕೂಸು ನನ್ನ ಮಗಳಿಗಿಂತ ಸ್ವಲ್ಪ ಚಿಕ್ಕದು. "ಅಸಲಿ ಮಾಲ ನೋಡು, ಮಗಾ ಕೈಯಾರೆ ಅಗದಾನ" ಎಂದು ಅತ್ತೆ ಗೋಡೆಯ ಮೇಲಿಂದ ನೀಡಿದರು. ಚಾಚಿ ಸೆರಗಿನಲ್ಲಿ ಹಿಡಿದುಕೊಂಡು, "ಅಲ್ಲಾ ನಿನ್ನ ಮಗನ್ನ ಚಂದ ಇಡ್ಲಿ ಅಕ್ಕಾ. ನಾಳಿಂದ ಇದನ್ನೇ ತೇಯ್ತೀನಿ" ಅಂದಳು.

ಮರುದಿನ ಬೆಳಗ್ಗೆ ಮಗಳಿಗೆ ಎರೆದು, ಧೂಪ ಹಾಕಿ, ಸುತ್ತಿ ತಂದು ಅಂಗಳದ ಬಿಸಿಲಿಗೆ ಕೂತೆ. ಅತ್ತೆ ಆಗಲೇ ಸಾಣೆಕಲ್ಲು ಮುಂದಿಟ್ಟುಕೊಂಡಿದ್ದರು. ಕಟವಾಯಿಯಲ್ಲಿ ಮಶೇರಿಯ ಕರಿ ಹಾಗೇ ಇತ್ತು. ಹೊಸ ಬೇರಿಗೆ ಮೊದಲ ಮರ್ಯಾದೆ. ನಾಲ್ಕು ಸುತ್ತು ತೇಯ್ದು, ಬೆರಳಿಂದ ಬಳಿದು, ತಮ್ಮ ನಾಲಿಗೆಗೆ ಹಚ್ಚಿದರು. ಚಪ್ಪರಿಸಿದರು. "ಕಹಿ ಅದ. ಭಾಳ ಚಲೋ ಮಾಲ" ಎಂದು ತಲೆಯಾಡಿಸಿ ಜಾಜಿಕಾಯಿ ಎತ್ತಿಕೊಂಡರು.

ಕಲ್ಲಿನ ಮೇಲೆ ಉಳಿದ ಗಂಧದ ಬಣ್ಣ ನನಗೆ ಹಿಡಿಸಲಿಲ್ಲ. ಪೇಟೆಯ ಅತಿವಿಷ ತೇಯ್ದರೆ ಸುಣ್ಣದಂತೆ ಬೆಳ್ಳಗೆ ಬರುತ್ತಿತ್ತು. ಇದು ಮಾಸಲು ಕಂದು. ಬ್ಯಾಳಿಯ ಉಪ್ಪು ನೋಡುವ ಕೈ ಸುಮ್ಮನಿರಲಿಲ್ಲ. ತುದಿಬೆರಳಿಗೆ ಹತ್ತಿದಷ್ಟನ್ನು ನಾಲಿಗೆಯ ಕೊನೆಗೆ ಮುಟ್ಟಿಸಿ, ಪಕ್ಕಕ್ಕೆ ಉಗುಳಿದೆ. ಅತ್ತೆ ನೋಡಿದರು. "ನೋಡು, ಉಪ್ಪು ಸರಿ ಅದ ಏನು ನೋಡು" ಎಂದು ಹಂಗಿಸಿದರು.

ಮೊದಲು ಏನೂ ಇಲ್ಲ. ಅವರು ಜಾಜಿಕಾಯಿ ಮುಗಿಸಿ ಅಳಲೆಕಾಯಿಗೆ ಬಂದರು. ಅಷ್ಟರಲ್ಲಿ ನಾಲಿಗೆಯ ತುದಿಯಲ್ಲಿ ಇರುವೆ ಹರಿದಾಡಿದಂತಾಯಿತು. ಇರುವೆ ಕೆಳತುಟಿಗೆ ಬಂತು. ಆಮೇಲೆ ಇರುವೆಯೂ ಇಲ್ಲ, ತುಟಿಯೂ ಇಲ್ಲ. ಹಲ್ಲಿನಿಂದ ಕಚ್ಚಿದೆ, ಬೇರೆಯವರ ತುಟಿ ಕಚ್ಚಿದಂತಿತ್ತು.

"ಅತ್ತಿ, ನಿಲ್ರಿ. ಇದು ಅತಿವಿಷ ಅಲ್ಲ. ನನ್ನ ತುಟಿ ಜೋಮು ಹಿಡದದ."

"ಏನ?"

"ಬಚನಾಗ ಅದರಿ ಇದು. ನಿಮ್ಮ ಮಗಾನೇ ಹೇಳಿದ್ರಲ್ಲ, ತುಟಿಗೆ ಹತ್ತಿದ್ರ ಜೋಮು ಹಿಡಿತದ ಅಂತ. ನಿಮಗ ಏನೂ ಆಗಿಲ್ಲೇನ್ರಿ?"

ಅತ್ತೆ ತುಟಿ ಸವರಿಕೊಂಡರು. "ಮಶೇರಿ ಹಚ್ಚಿದ್ರ ದಿನಾ ಜುಮ್ ಅಂತದ. ಅದಕ್ಕೇನಾತು?" ಎಂದರು. ನನ್ನ ಮುಖ ನೋಡಿದರು, ಅವರಿಗೆ ಬೇಕಾದ ಅರ್ಥ ಅವರಿಗೆ ಸಿಕ್ಕಿತು. ದನಿ ಏರಿತು. "ನಾಟಕ ಮಾಡಬ್ಯಾಡ. ಬಂದ ದಿನದಿಂದ ಗುಟ್ಟಿ ಬ್ಯಾಡ ಅಂತ ಕುಂತಿ. ಇವತ್ತ ನನ್ನ ಮಗಾ ತಂದದ್ದು ಇಸಾ ಆತೇನ? ಹೆತ್ತ ತಂದಿ ಮಗಳಿಗೆ ಇಸಾ ತರ್ತಾನೇನ?"

ಗಂಡ ಚಹಾದ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದರು. ನಾನು ಇದ್ದದ್ದನ್ನು ಹೇಳಿದೆ. ಅತ್ತೆ ಇಲ್ಲದ್ದನ್ನೂ ಸೇರಿಸಿ ಹೇಳಿದರು, ಅಳುವುದಕ್ಕೂ ಶುರು ಮಾಡಿದರು. ನನಗೆ ಅತ್ತೆಯ ಅಳು ಬೇಡವಾಗಿತ್ತು, ಅವರ ವಾದವೂ ಬೇಡವಾಗಿತ್ತು. ಅಂಗಳದಲ್ಲಿ ಆ ಬೇರಿನ ಗುಣ ಬಲ್ಲವರು ಗಂಡ ಒಬ್ಬರೇ. ಸಾಣೆಕಲ್ಲನ್ನು ಅವರ ಕಡೆ ಸರಿಸಿದೆ.

"ನೀವೇ ನೋಡ್ರಿ. ನಾಲಿಗಿಗೆ ಹಚ್ಚಿ ಉಗುಳ್ರಿ. ನಂದು ನಾಟಕ ಅಂದ್ರ ಹಂಗೇ ಹೇಳ್ರಿ."

ಗಂಡ ಕುಕ್ಕರಗಾಲಲ್ಲಿ ಕೂತರು. ಕಲ್ಲಿನ ಅಂಚಿನಲ್ಲಿ ಉಳಿದದ್ದನ್ನು ಬೆರಳಿಗೆ ತಾಗಿಸಿ ನಾಲಿಗೆಗೆ ಮುಟ್ಟಿಸಿ ಉಗುಳಿದರು. ನಾವು ಮೂವರೂ ಕಾದೆವು. ಗೋಡೆಯಾಚೆ ಚಾಚಿಯ ಮೊಮ್ಮಗ ಎರೆಸಿಕೊಳ್ಳುತ್ತ ಚೀರುತ್ತಿದ್ದ. ನನ್ನ ಮಗಳು ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು, ಗುಟ್ಟಿಗೆ ಕಾದವಳಂತೆ.

ಇರುವೆ ಹರಿದದ್ದು ನನಗೆ ಅವರ ಮುಖದಲ್ಲೇ ಕಂಡಿತು. ಮೊದಲು ಹುಬ್ಬು ಕೂಡಿತು. ನಾಲಿಗೆ ಹೊರಗೆ ಬಂದು ತುಟಿಯನ್ನು ಹುಡುಕಿತು. ಚಹಾ ಒಂದು ಗುಟುಕು ಕುಡಿದರು, ಅದು ಕಟವಾಯಿಯಿಂದ ಗದ್ದಕ್ಕೆ ಇಳಿಯಿತು, ಅವರಿಗೆ ತಿಳಿಯಲೂ ಇಲ್ಲ. ಆಮೇಲೆ ಅಂಗೈಯಿಂದ ಒರೆಸಿಕೊಂಡು ನನ್ನ ಕಡೆ ನೋಡಿದರು. ಅವರಿಗೆ ಗೊತ್ತಾಗಿತ್ತು. ಗೊತ್ತಾದದ್ದು ನನಗೂ ಗೊತ್ತಾಯಿತು. ಅಬ್ಬಾ, ಇನ್ನು ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

ಅವರು ತಾಯಿಯ ಕಡೆ ತಿರುಗಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಮಗನನ್ನೇ ನೋಡುತ್ತಿದ್ದರು.

"ಕಹಿ ಅದ ಅವ್ವಾ" ಎಂದರು ನನ್ನ ಗಂಡ. "ಬರೇ ಕಹಿ ಅದ."

ನನಗೆ ಮೊದಲು ಅರ್ಥವಾಗಲಿಲ್ಲ. ಅತ್ತೆ ಮೂಗು ಒರೆಸಿಕೊಂಡು, ಗೆದ್ದ ಮುಖದಿಂದ ಚಮಚದಲ್ಲಿ ಗಂಧ ಬಳಿದುಕೊಂಡು, "ತಾ ಇಲ್ಲಿ ಕೂಸಿನ್ನ" ಎಂದು ಕೈ ಚಾಚಿದರು. ಗಂಡ ಬಟ್ಟಲಿನೊಳಗೆ ನೋಡುತ್ತ ಕೂತಿದ್ದರು. ನಾನು ಕಾಲಿನಿಂದ ಸಾಣೆಕಲ್ಲನ್ನು ಒದ್ದೆ. ಅದು ಉರುಳಿ ಕಟ್ಟೆಗೆ ಬಡಿದು ಅಂಚು ಮುರಿಯಿತು. ಅತ್ತೆಯ ಅತ್ತೆ ಕೊಟ್ಟ ಕಲ್ಲದು, ಮನೆಯ ಎಲ್ಲ ಕೂಸುಗಳಿಗೂ ತೇಯ್ದ ಕಲ್ಲು. ಒದ್ದದ್ದಕ್ಕೆ ನನಗೆ ಇವತ್ತಿಗೂ ಒಂದಿಷ್ಟೂ ಬೇಸರವಿಲ್ಲ.

ಅತ್ತೆ ಎದೆ ಬಡಿದುಕೊಂಡರು. "ಕಲ್ಲಿಗೆ ಕಾಲ ಹಚ್ಚಿದ್ಲು ರಂಡೆ! ನೋಡೋ, ನಿನ್ನ ಹೇಣತಿ ನೋಡೋ! ಗುಡ್ಡಾಪುರದ ದೇವಿ ನೋಡ್ಕೊಳ್ಳಿ ನಿನ್ನ!" ಎಂದು ಕೂಗಿ, ಸಾಕ್ಷಿಗೆ ಗೋಡೆಯಾಚೆಯವರನ್ನೂ ಕರೆದರು. "ಚಾಚಿ, ಬಾರವಾ ಇಲ್ಲಿ, ಈಕಿ ಮಾಡಿದ್ದು ನೋಡ ಬಾ!"

"ಬಂದೆ ಅಕ್ಕಾ, ಕೂಸಿಗೆ ಗುಟ್ಟಿ ಹಾಕಿ ಬರ್ತೀನಿ" ಎಂದು ಆ ಕಡೆಯಿಂದ ಉತ್ತರ ಬಂತು.

ಮಗಳನ್ನು ಎದೆಗೆ ಒತ್ತಿಕೊಂಡು ನಾನು ಗೋಡೆ ದಾಟಿದೆ. ಹಸಿ ಬಾಣಂತಿ ಗೋಡೆ ಹತ್ತಬಾರದು, ಬಿಸಿಲಲ್ಲಿ ಓಡಬಾರದು, ಹಾಳುಮೂಳು. ಚಾಚಿ ಪಡಸಾಲೆಯಲ್ಲಿ ಕಾಲು ನೀಡಿ, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು, ಕೈಯಲ್ಲಿ ಬೆಳ್ಳಿಯ ಚಮಚ ಹಿಡಿದಿದ್ದಳು. ಒಂದು ಕೈಯಿಂದ ಕೂಸಿನ ಗಲ್ಲ ಒತ್ತಿ ಬಾಯಿ ತೆರೆಸುತ್ತಿದ್ದಳು.

"ಚಾಚಿ, ಹಾಕಬ್ಯಾಡ್ರಿ! ಅದು ಇಸಾ ಅದ!"

ಚಮಚ ನಿಂತಿತು. ಆದರೆ ಚಾಚಿಯ ಮುಖದಲ್ಲಿ ಹೆದರಿಕೆಯಲ್ಲ, ಬೇಸರ ಕಂಡಿತು. ಗೋಡೆಯಾಚೆಯ ಕೂಗಾಟ ಅವಳಿಗೂ ಕೇಳಿಸಿತ್ತಲ್ಲ. "ಏ ಹುಡುಗಿ, ಅತ್ತಿ ಮ್ಯಾಗಿನ ಸಿಟ್ಟಿಗೆ ಕೊಟ್ಟದ್ದು ತಿರುಗಿ ಕೇಳಾಕ ಬಂದೇನ? ನಂದೂ ನಾಲಿಗಿ ಅದ. ನೆಕ್ಕಿ ನೋಡೀನಿ, ಕಹಿ ಅದ" ಅಂದಳು. ಅವಳ ಹಲ್ಲೂ ಮಶೇರಿಗೆ ಕಪ್ಪಾಗಿತ್ತು.

"ನನ್ನ ಮ್ಯಾಲ ನಂಬಿಕಿ ಇಲ್ಲಂದ್ರ ಬಿಡ್ರಿ. ಒಂದ ಗಳಿಗಿ ತಡೀರಿ, ಅಷ್ಟ" ಎಂದೆ. ತುಟಿ ಜೋಮು ಹಿಡಿದು ನನ್ನ ಮಾತು ತೊದಲುತ್ತಿತ್ತು, ಸಿಟ್ಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಷ್ಟರಲ್ಲಿ ಗಂಡ ಗೋಡೆ ದಾಟಿ ಬಂದು ಬಾಗಿಲಲ್ಲಿ ನಿಂತರು. ಹಿಂದೆಯೇ ಗೋಡೆಯ ಆ ಕಡೆ ಅತ್ತೆ.

ಚಾಚಿ ನನ್ನನ್ನು ಬಿಟ್ಟು ಅವರನ್ನು ಕೇಳಿದಳು. "ಬೇಟಾ, ತಂದಾವ ನೀ. ನೀನೇ ಹೇಳು. ಕೂಸಿಗೆ ಹಾಕ್ಲ್ಯಾ ಬ್ಯಾಡಾ?"

ಅವರು ಆ ಕೂಸನ್ನು ನೋಡಿದರು. ಅದು ತೆರೆದ ಬಾಯಿಯನ್ನು ಆ ಕಡೆ ಈ ಕಡೆ ತಿರುಗಿಸಿ ಚಮಚ ಹುಡುಕುತ್ತಿತ್ತು. ಕೂಸಿನ ತಾಯಿ ಒಳಗಿನಿಂದ ಒದ್ದೆ ತಲೆಯಲ್ಲೇ ಬಂದು ಕಂಬ ಹಿಡಿದು ನಿಂತಿದ್ದಳು.

"ಬ್ಯಾಡ ಚಾಚಿ" ಅಂದರು ನನ್ನ ಗಂಡ. ಒಂದು ಗಳಿಗೆಯೂ ತಡ ಮಾಡಲಿಲ್ಲ. "ಹಾಕಬ್ಯಾಡ್ರಿ. ತಪ್ಪಾಗ್ಯದ ನನ್ನ ಕಡಿಂದ. ಅದು ಬಚನಾಗ ಅದ. ಎರಡೂ ಒಂದೇ ಜಾಗಾದಾಗ ಬೆಳೀತಾವ, ಒಣಗಿದ ಮ್ಯಾಲ ನಂಗ ಗುರ್ತ ಆಗ್ಲಿಲ್ಲ. ಲಗೂನ ಆ ಚಮಚಾ ತೊಳದು ಬಿಡ್ರಿ, ನೀವೂ ಬಾಯಿ ಮುಕ್ಕಳಿಸ್ರಿ."

"ಯಾ ಅಲ್ಲಾ" ಎಂದು ಚಾಚಿ ಚಮಚವನ್ನು ಅಂಗಳಕ್ಕೆ ಎಸೆದಳು. ಅವಳ ಮಗಳು ಬಂದು ಕೂಸನ್ನು ಕಸಿದುಕೊಂಡಳು. ಚಾಚಿ ನನ್ನ ಕೈ ಹಿಡಿದು ಏನೋ ಹೇಳುತ್ತಿದ್ದಳು, ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನನಗೆ ಅದು ಕೇಳಿಸುತ್ತಿರಲಿಲ್ಲ. "ನಿಮ್ಮ ಕೂಸಿಗೆ ಹಾಕಿಲ್ಲಲಾ ಬೇಟಾ?" ಎಂದು ಅವಳು ಕೇಳಿದಾಗ ಮಾತ್ರ ಕೇಳಿಸಿತು. "ಇಲ್ಲ ಚಾಚಿ, ಇಕಿ ಮೊದಲೇ ನೋಡಿದ್ಲು" ಎಂದು ಅವರು ಹೇಳಿದರು, ನನ್ನ ಮೇಲೆ ಹೆಮ್ಮೆಪಟ್ಟವರ ದನಿಯಲ್ಲಿ. ಅಲ್ಲೇ ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಆ ಉಳಿದ ಬೇರುಗಳನ್ನು ಅವರು ಹಿತ್ತಲ ಆಚೆ ಆಳಕ್ಕೆ ಹೂತು ಮೇಲೆ ಕಲ್ಲಿಟ್ಟು ಬಂದರು. ಹೊತ್ತೇರಿದ ಮೇಲೆ ಅತ್ತೆ ವಾಂತಿ ಮಾಡಿಕೊಂಡರು. ಗಂಡ ಜತ್ತದ ದವಾಖಾನೆಗೆ ಕರೆದೊಯ್ದರು. ಅಲ್ಲಿ ಸಂಜೆವರೆಗೆ ಕೂಡಿಸಿಕೊಂಡು, ನಾಡಿ ನೋಡಿ ನೋಡಿ, ಹೆದರಿಕೆಯಿಲ್ಲ ಎಂದು ಕಳಿಸಿದರು. ಬಂದ ಅತ್ತೆ, ಸೊಸೆಯ ಮೇಲಿನ ಸಿಟ್ಟಿಗೆ ಪಿತ್ತ ಏರಿತ್ತು ಎಂದು ಕೇಳಿದವರಿಗೆಲ್ಲ ಹೇಳಿದರು. ಮಶೇರಿ ಬಿಡಲಿಲ್ಲ. ಗುಟ್ಟಿಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಮಗ ತಮ್ಮ ಮುಂದೆ ಬರೇ ಕಹಿ ಅಂದದ್ದನ್ನೂ, ಗೋಡೆಯಾಚೆ ಹೋಗಿ ಬಚನಾಗ ಅಂದದ್ದನ್ನೂ ಅವರು ಎರಡೂ ಕಿವಿಯಿಂದ ಕೇಳಿದ್ದರು. ಅದರ ಬಗ್ಗೆ ಒಂದು ಮಾತು ಕೇಳಲಿಲ್ಲ. ತಾಯಿಗೆ ಬೇಕಾಗಿರಲಿಲ್ಲ.

ನನಗೆ ಬೇಕಿತ್ತು. ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಗಂಡ ಪಡಸಾಲೆಯಲ್ಲಿ ಕೂತು ಟ್ರಂಕಿನ ಕೊಂಡಿ ರಿಪೇರಿ ಮಾಡುತ್ತಿದ್ದರು. ನಾನು ಮಗಳಿಗೆ ಹಾಲು ಕುಡಿಸಿ ಹೆಗಲ ಮೇಲೆ ಹಾಕಿಕೊಂಡು ಎದುರು ನಿಂತೆ.

"ಚಾಚಿ ಮೊಮ್ಮಗನ ಸಲುವಾಗಿ ಖರೇ ಹೇಳಿದ್ರಿ. ನಿಮ್ಮ ಮಗಳ ಸಲುವಾಗಿ ಯಾಕ ಸುಳ್ಳ ಹೇಳಿದ್ರಿ?"

ಸುತ್ತಿಗೆ ಕೆಳಗಿಟ್ಟರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವ್ವ ಊರ ತುಂಬ ಹೇಳಿಕೊಂಡಿದ್ಲು. ಆಕಿ ಮುಂದ ಹೆಂಗ ಹೇಳ್ಲಿ ಹೇಳು? ಆಕಿ ಎದಿ ಒಡದು ಹೋಗ್ತಿದ್ಲು."

"ಕೂಸಿಂದು?"

"ಅಲ್ಲೇ ನೀ ಇದ್ದ್ಯಲ್ಲ" ಅಂದರು. ಮುಖದ ಮೇಲೆ ಒಂದು ಸಣ್ಣ ನಗು ಕೂಡ ಬಂತು, ನನ್ನನ್ನು ಹೊಗಳುತ್ತಿದ್ದೇನೆ ಎಂದೇ ಅವರ ಎಣಿಕೆ. "ನಿನ್ನ ಕೈಯಾಗಿಂದ ಯಾರ ಕಸಗೋತಾರ ಕೂಸಿನ್ನ? ನೀ ಸತ್ತರೂ ಕುಡಸಾಕ ಬಿಡಾಕಿ ಅಲ್ಲ ಅಂತ ನಂಗ ಗೊತ್ತಿತ್ತು. ಆ ಮನ್ಯಾಗ ತಡಿಯವರು ಯಾರ ಇದ್ರು?"

"ನಾ ಆವಾಗ ಬಚ್ಚಲದಾಗ ಇದ್ದಿದ್ರ?"

ಅವರು ಮಗಳನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದರು. ನಾನು ಕೊಡಲಿಲ್ಲ.